ಭುಜದ ಕೀಲು: ಸಾಮಾನ್ಯ ಗಾಯಗಳೂ ಬೇನೆಗಳೂ

ಮೂಳೆ ವೈದ್ಯರ ಬಳಿಗೆ ಜನರನ್ನು ಕರೆತರುವ ನೋವುಗಳಲ್ಲಿ ಬೆನ್ನು ಮತ್ತು ಮೊಣಕಾಲಿನ ನಂತರದ ಸರದಿ ಭುಜದ್ದು. ತಲೆ ಬಾಚಲು ಕೈ ಎತ್ತಲಾಗುವುದಿಲ್ಲ, ಹಿಂದಿನ ಜೇಬಿನ ಪರ್ಸಿಗೆ ಕೈ ಹೋಗುವುದಿಲ್ಲ, ರವಿಕೆಯ ಹಿಂಬದಿಯ ಕೊಕ್ಕೆ ಹಾಕಲು ಬರುವುದಿಲ್ಲ, ನೋಯುವ ಮಗ್ಗುಲಿಗೆ ಮಲಗಿದರೆ ನಿದ್ದೆ ಹತ್ತುವುದಿಲ್ಲ ಎಂಬ ದೂರುಗಳು ಎಲ್ಲರ ಬಾಯಲ್ಲೂ ಹೆಚ್ಚುಕಡಿಮೆ ಒಂದೇ. ಕಾರಣಗಳು ಮಾತ್ರ ಒಂದೇ ಅಲ್ಲ. ಕೀಲು ತಪ್ಪಿರಬಹುದು, ಮೂಳೆ ಮುರಿದಿರಬಹುದು, ಕೀಲಿನ ಚೀಲ ಬಿಗಿದುಕೊಂಡಿರಬಹುದು, ಸ್ನಾಯುರಜ್ಜು ಸವೆದಿರಬಹುದು. ಅಥವಾ ಭುಜದಲ್ಲಿ ಏನೂ ಕೆಡದೆ ಕುತ್ತಿಗೆಯಿಂದಲೋ ಎದೆಯಿಂದಲೋ ಹೊಟ್ಟೆಯಿಂದಲೋ ನೋವು ಅಲ್ಲಿಗೆ ಹರಿದಿರಬಹುದು. ಇವುಗಳಲ್ಲಿ ಯಾವುದೆಂದು ಗುರುತಿಸಲು ಈಗ ಮೊದಲು ಕೈಹಾಕುವುದು ಎಂಆರ್‌ಐ ಸ್ಕ್ಯಾನಿಗೆ. ಕಳೆದ ಮೂರು ದಶಕಗಳ ಸಂಶೋಧನೆ ಹೇಳುವುದು ಬೇರೆ. ರೋಗಿಯ ವಯಸ್ಸೆಷ್ಟು, ನೋವು ಹೇಗೆ ಶುರುವಾಯಿತು, ತೋಳು ಯಾವ ದಿಕ್ಕಿಗೆ ಎಷ್ಟು ತಿರುಗುತ್ತದೆ ಎಂಬ ಮೂರು ಪ್ರಶ್ನೆಗಳು ಭುಜದ ಮಟ್ಟಿಗೆ ಯಾವ ಚಿತ್ರಕ್ಕಿಂತಲೂ ಹೆಚ್ಚು ತಿಳಿಸುತ್ತವೆ. ಚಿತ್ರದಲ್ಲಿ ಕಂಡ ದೋಷವನ್ನೇ ರೋಗವೆಂದು ಹಿಡಿದು ಚಿಕಿತ್ಸೆಗೆ ಇಳಿದಲ್ಲೆಲ್ಲ ಫಲಿತಾಂಶ ನಿರಾಸೆ ತಂದಿದೆ.

ಇದಕ್ಕೆ ಕಾರಣ ಕೀಲಿನ ರಚನೆಯಲ್ಲೇ ಇದೆ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು ಆಳವಾದ ಕುಳಿಯೊಳಗೆ ಕೂತಿರುತ್ತದೆ. ಭುಜದಲ್ಲಿ ಹಾಗಿಲ್ಲ. ತೋಳುಮೂಳೆಯ ದೊಡ್ಡ ತಲೆ ಆತುಕೊಂಡಿರುವುದು ಹೆಗಲಿನ ಹಲಗೆಮೂಳೆಯ ಅಂಚಿನಲ್ಲಿರುವ ಪುಟ್ಟ, ಆಳವಿಲ್ಲದ ಬಟ್ಟಲಿಗೆ. ಶಾಲೆಯ ಕ್ರೀಡಾದಿನದ ಲಿಂಬೆ-ಚಮಚ ಓಟದಲ್ಲಿ ಹಣ್ಣು ಬೀಳದಿರುವುದು ಚಮಚದ ಆಳದಿಂದಲ್ಲ, ಓಡುವವರು ಕ್ಷಣಕ್ಷಣಕ್ಕೂ ಚಮಚವನ್ನು ಸರಿಪಡಿಸಿಕೊಳ್ಳುವುದರಿಂದ. ಇಲ್ಲಿಯೂ ಅದೇ ಲೆಕ್ಕ. ಬಟ್ಟಲಿನ ಸುತ್ತ ಲೇಬ್ರಮ್ ಎಂಬ ಮೃದ್ವಸ್ಥಿಯ ಅಂಚು ಇದೆ, ಚೀಲದಂಥ ಕ್ಯಾಪ್ಸೂಲ್ ಇದೆ, ಲಿಗಮೆಂಟುಗಳಿವೆ. ಆದರೂ ದಿನವಿಡೀ ತಲೆಯನ್ನು ಬಟ್ಟಲಿನ ನಡುವೆ ಹಿಡಿದಿಡುವ ಕೆಲಸ ಸ್ನಾಯುಗಳದ್ದು. ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್ ಎಂಬ ನಾಲ್ಕು ಸ್ನಾಯುಗಳ ರಜ್ಜುಗಳು ಸೇರಿ ತೋಳುಮೂಳೆಯ ತಲೆಗೆ ಹೊದಿಸಿದ ಪಟ್ಟಿಗೆ ರೊಟೇಟರ್ ಕಫ್ ಎಂದು ಹೆಸರು. ತೋಳನ್ನು 180 ಡಿಗ್ರಿ ಮೇಲಕ್ಕೆತ್ತಿದಾಗ ಸುಮಾರು 120 ಡಿಗ್ರಿ ಈ ಕೀಲಿನದ್ದು, ಉಳಿದ 60 ಡಿಗ್ರಿ ಎದೆಗೂಡಿನ ಮೇಲೆ ಜಾರುತ್ತ ತಿರುಗುವ ಹಲಗೆಮೂಳೆಯದ್ದು. ಹೀಗಾಗಿ ಭುಜದ ಆರೋಗ್ಯ ಒಂದು ಭಾಗದ ಆಕಾರಕ್ಕಿಂತ ಹಲವು ಭಾಗಗಳ ಹೊಂದಾಣಿಕೆಯ ಮೇಲೆ ನಿಂತಿದೆ. ಅಲುಗದೆ ಮಲಗಿದವರ ಸ್ಕ್ಯಾನ್ ಈ ಹೊಂದಾಣಿಕೆಯನ್ನು ತೋರಿಸಲಾರದು.

ಇಷ್ಟೊಂದು ಚಲನೆಗೆ ಭುಜ ತೆರುವ ಬೆಲೆ ಕೀಲು ತಪ್ಪುವುದು. ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಸಲ ತಪ್ಪುವುದು ಇದೇ, ಅದರಲ್ಲೂ ನೂರಕ್ಕೆ 95ರಷ್ಟು ಬಾರಿ ತಲೆ ಜಾರುವುದು ಮುಂದಕ್ಕೆ. ಕಬಡ್ಡಿಯಲ್ಲಿ ಚಾಚಿದ ಕೈಯನ್ನು ಎದುರಾಳಿ ಹಿಂದಕ್ಕೆಳೆದಾಗ, ಬೈಕಿನಿಂದ ಬಿದ್ದು ಕೈಯೂರಿದಾಗ ಆಗುವುದು ಇಂಥದ್ದೇ. ಇಲ್ಲಿ ವಯಸ್ಸು ಎಲ್ಲವನ್ನೂ ಬದಲಿಸುತ್ತದೆ. ಇಪ್ಪತ್ತರ ಆಸುಪಾಸಿನ ಹುಡುಗನಿಗೆ ಮೊದಲ ಸಲ ತಪ್ಪಿದಾಗ ಲೇಬ್ರಮ್ ಬಟ್ಟಲಿನ ಮುಂಭಾಗದಿಂದ ಕಿತ್ತುಬರುತ್ತದೆ; ಲಂಡನ್ನಿನ ಶಸ್ತ್ರವೈದ್ಯ ಬ್ಲಂಡೆಲ್ ಬ್ಯಾಂಕಾರ್ಟ್ 1923ರಲ್ಲಿ ವಿವರಿಸಿದ ಈ ಗಾಯಕ್ಕೆ ಅವನ ಹೆಸರೇ ನಿಂತಿದೆ. ಇಂಥ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೀಲು ಮತ್ತೆ ತಪ್ಪುತ್ತದೆ, ಆಟ ಬಿಡಲೊಲ್ಲದವರಿಗೆ ಶಸ್ತ್ರಕ್ರಿಯೆ ನ್ಯಾಯವಾದ ಆಯ್ಕೆ. ನಲವತ್ತು ದಾಟಿದವರಲ್ಲಿ ಮರುಕಳಿಸುವ ಭಯ ಕಡಿಮೆ, ಆದರೆ ಅದೇ ಬೀಳುವಿಕೆಯಲ್ಲಿ ರೊಟೇಟರ್ ಕಫ್ ಹರಿದಿರುವ ಸಂಭವ ಹೆಚ್ಚು. ಕೀಲು ಕೂರಿಸಿ ಎರಡು ಮೂರು ವಾರವಾದರೂ ಐವತ್ತೈದರ ಮಹಿಳೆಗೆ ಕೈ ಎತ್ತಲಾಗದಿದ್ದರೆ ಅದನ್ನು ಬರೀ ನೋವೆಂದು ತಳ್ಳಿಹಾಕುವಂತಿಲ್ಲ. ಹಿಂದಕ್ಕೆ ತಪ್ಪುವ ಕೀಲು ಅಪರೂಪ. ಅಪಸ್ಮಾರದ ಸೆಳೆತ ಅಥವಾ ವಿದ್ಯುತ್ ಆಘಾತದ ನಂತರ ಹೀಗಾಗುತ್ತದೆ, ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ತೋಳು ಹೊರಕ್ಕೆ ಒಂದಿಷ್ಟೂ ತಿರುಗುತ್ತಿಲ್ಲ ಎಂಬ ಒಂದೇ ಸುಳಿವು ಇದನ್ನು ಬಯಲು ಮಾಡುತ್ತದೆ.

ತಪ್ಪಿದ ಕೀಲನ್ನು ಎಳೆದು ಕೂರಿಸುವ ವಿದ್ಯೆ ಹಿಪೊಕ್ರೆಟಿಸನ ಕಾಲದಿಂದಲೂ ಇದೆ. ನಮ್ಮಲ್ಲಿ ಮೂಳೆ ಕಟ್ಟುವ ನಾಟಿ ವೈದ್ಯರ ಪರಂಪರೆ ಇದನ್ನು ಉಳಿಸಿಕೊಂಡು ಬಂದಿದೆ, ಗಡಿಯಾಚೆಯ ಪುತ್ತೂರಿನ ಕಟ್ಟಿಗೆ ಬೆಂಗಳೂರಿನಿಂದಲೂ ಜನ ಹೋಗುತ್ತಾರೆ. ಆ ಕೈಗಳ ನೈಪುಣ್ಯವನ್ನು ಹೀಗಳೆಯಬೇಕಿಲ್ಲ. ತೊಂದರೆ ಇರುವುದು ಬೇರೆಡೆ. ಕೀಲು ತಪ್ಪಿದ್ದರ ಜೊತೆಗೆ ಮೂಳೆಯೂ ಮುರಿದಿದೆಯೇ ಎಂದು ಎಳೆಯುವ ಮೊದಲು ತಿಳಿಯಬೇಕು, ಅದಕ್ಕೆ ಎಕ್ಸ್‌ರೇ ಬೇಕೇ ಬೇಕು. ಭುಜದ ಹೊರಮೈಯ ಚರ್ಮ ಮರಗಟ್ಟಿದೆಯೇ ಎಂದು ಮುಟ್ಟಿ ನೋಡಬೇಕು; ಮರಗಟ್ಟಿದ್ದರೆ ಆಕ್ಸಿಲರಿ ನರಕ್ಕೆ ಪೆಟ್ಟಾಗಿರುತ್ತದೆ. ವಾರಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಬಂದ ಹಳೆಯ ಕೀಲನ್ನು ಬಲವಂತವಾಗಿ ಎಳೆದರೆ, ಮುಖ್ಯವಾಗಿ ವಯಸ್ಸಾದವರಲ್ಲಿ, ಕಂಕುಳಿನ ರಕ್ತನಾಳವೇ ಹರಿಯಬಹುದು. ಪೆಟ್ಟು ಬಿದ್ದ ಭುಜಕ್ಕೆ ಚಿತ್ರ ಅನಿವಾರ್ಯ ಎಂಬುದನ್ನು ಇಲ್ಲೇ ಒಪ್ಪಿಬಿಡೋಣ. ಈ ಲೇಖನದ ತಕರಾರು ಪೆಟ್ಟಿಲ್ಲದೆ ಬರುವ ನೋವಿಗೆ ತೆಗೆಸುವ ಚಿತ್ರಗಳ ಬಗ್ಗೆ.

ಆದರೆ ಮುರಿದ ಮೂಳೆಯಲ್ಲೂ ಚಿತ್ರ ಎಷ್ಟು ಕೆಟ್ಟದಾಗಿದೆ ಎಂಬುದು ಮುಂದಿನ ಸ್ಥಿತಿಯನ್ನು ನಾವು ಅಂದುಕೊಂಡಷ್ಟು ನಿರ್ಧರಿಸುವುದಿಲ್ಲ. ವೃದ್ಧರು ಬಚ್ಚಲಲ್ಲಿ ಜಾರಿಬಿದ್ದಾಗ ತೋಳುಮೂಳೆಯ ಮೇಲ್ತುದಿ ಮುರಿಯುವುದು ಬಹು ಸಾಮಾನ್ಯ. ತುಂಡುಗಳು ಸರಿದಿದ್ದರೆ ತಟ್ಟೆ-ಸ್ಕ್ರೂ ಹಾಕಿ ಸೇರಿಸಬೇಕೆಂಬುದು ರೂಢಿಯಾಗಿತ್ತು. ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ ಇಂಥ 250 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರೋಫರ್ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆಯಾದವರಿಗೂ ಬರೀ ಜೋಳಿಗೆಯಲ್ಲಿ ಕೈ ಇಟ್ಟುಕೊಂಡವರಿಗೂ ಎರಡು ವರ್ಷದ ನಂತರ ಗಣನೀಯ ವ್ಯತ್ಯಾಸ ಇರಲಿಲ್ಲ. ತೀರಾ ಛಿದ್ರವಾದ ಮುರಿತಗಳಿಗೂ ಕೀಲು ತಪ್ಪಿಸಿಕೊಂಡ ಮುರಿತಗಳಿಗೂ ಇದು ಅನ್ವಯಿಸುವುದಿಲ್ಲ. ಕೊರಳೆಲುಬಿನ ಮುರಿತ ಬಹುಪಾಲು ತಾನಾಗಿ ಕೂಡಿಕೊಳ್ಳುತ್ತದೆ. ಕೊರಳೆಲುಬು ಹಲಗೆಮೂಳೆಗೆ ಸೇರುವ ಪುಟ್ಟ ಕೀಲು ಬೀಳುವಿಕೆಯಿಂದ ಬಿಟ್ಟುಕೊಂಡರೆ ಹೆಗಲ ಮೇಲೆ ಗಂಟು ಎದ್ದು ಕಾಣುತ್ತದೆ. ಗಂಟು ಉಳಿದರೂ ಹೆಚ್ಚಿನವರ ಕೈ ಮೊದಲಿನಂತೆ ಕೆಲಸ ಮಾಡುತ್ತದೆ.

ಚಿತ್ರಕ್ಕೆ ಸಿಗದೆ, ಕೈಗೆ ಸುಲಭವಾಗಿ ಸಿಗುವ ಬೇನೆಯೆಂದರೆ ಫ್ರೋಜನ್ ಶೋಲ್ಡರ್. ಜನಸಾಮಾನ್ಯರಲ್ಲಿ ನೂರಕ್ಕೆ 2ರಿಂದ 5 ಮಂದಿಗೆ ಬರುವ ಇದು ಸಾಮಾನ್ಯವಾಗಿ 40ರಿಂದ 60ರ ವಯಸ್ಸಿನವರ ಕಾಯಿಲೆ, ಹೆಂಗಸರಲ್ಲಿ ತುಸು ಹೆಚ್ಚು. ಕೀಲಿನ ಚೀಲ ಮೊದಲು ಉರಿಯೂತಕ್ಕೊಳಗಾಗಿ, ಆಮೇಲೆ ದಪ್ಪಗಟ್ಟಿ ಮುದುಡುತ್ತದೆ. ಮೊದಲ ತಿಂಗಳುಗಳಲ್ಲಿ ರಾತ್ರಿಯ ನೋವೇ ಪ್ರಧಾನ. ನೋವು ಇಳಿಯುತ್ತಿದ್ದಂತೆ ಬಿಗಿತ ಉಳಿಯುತ್ತದೆ. ಒಂದರಿಂದ ಮೂರು ವರ್ಷದೊಳಗೆ ಹೆಚ್ಚಿನವರಿಗೆ ಸಡಿಲವಾಗುತ್ತದೆ, ಕೆಲವರಿಗೆ ಅಷ್ಟಿಷ್ಟು ಬಿಗಿತ ಶಾಶ್ವತವಾಗಿ ಉಳಿಯುವುದೂ ಉಂಟು. ಇದರ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ರೋಗಿ ಮೊಣಕೈಯನ್ನು ಲಂಬಕೋನಕ್ಕೆ ಮಡಚಿ ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ಬಾಗಿಲು ತೆರೆಯುವಂತೆ ಹೊರಕ್ಕೆ ತಿರುಗಿಸಬೇಕು. ಆಮೇಲೆ ವೈದ್ಯರು ಅದೇ ಮುಂಗೈ ಹಿಡಿದು ಇನ್ನಷ್ಟು ತಿರುಗಿಸಲು ನೋಡುತ್ತಾರೆ. ರೋಗಿಗೂ ಆಗಲಿಲ್ಲ, ವೈದ್ಯರಿಗೂ ಆಗಲಿಲ್ಲ ಎಂದಾದರೆ ಚೀಲ ಬಿಗಿದಿದೆ. ರೋಗಿಗೆ ಆಗದೆ ವೈದ್ಯರ ಕೈಗೆ ಸಲೀಸಾಗಿ ತಿರುಗಿದರೆ ಸ್ನಾಯು ಅಥವಾ ರಜ್ಜು ಸೋತಿದೆ. ಎಕ್ಸ್‌ರೇ ಸರಿಯಾಗಿದ್ದೂ ಇಬ್ಬರಿಗೂ ತಿರುಗದ ಭುಜಕ್ಕೆ ಮುಂದೆ ಸ್ಕ್ಯಾನ್ ಬೇಕಾಗುವುದು ವಿರಳ. ಎಕ್ಸ್‌ರೇ ಕೂಡ ಬೇಕಾಗುವುದು ಕೀಲು ಸವೆತವನ್ನೂ ಹಿಂದಕ್ಕೆ ತಪ್ಪಿದ ಕೀಲನ್ನೂ ತಳ್ಳಿಹಾಕುವುದಕ್ಕೆ, ಏಕೆಂದರೆ ಅವೂ ಹೀಗೆಯೇ ಅಡ್ಡಿ ಮಾಡುತ್ತವೆ.

ಈ ಬೇನೆಗೂ ಸಕ್ಕರೆ ಕಾಯಿಲೆಗೂ ಇರುವ ನಂಟು ನಮ್ಮ ದೇಶದ ಮಟ್ಟಿಗೆ ದೊಡ್ಡ ಮಾತು. ಮಧುಮೇಹಿಗಳಲ್ಲಿ ಇದು ನೂರಕ್ಕೆ 10ರಿಂದ 20 ಮಂದಿಗೆ ಬರುತ್ತದೆ, ಬಂದರೆ ಹೆಚ್ಚು ಕಾಲ ಕಾಡುತ್ತದೆ, ಎರಡನೆಯ ಭುಜಕ್ಕೂ ಹಬ್ಬುವುದುಂಟು. ಐಸಿಎಂಆರ್ ಬೆಂಬಲದ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಭುಜ ಬಿಗಿದ ನಡುವಯಸ್ಕರಿಗೆ ಎಂಆರ್‌ಐಗಿಂತ ಮೊದಲು ಬರೆದುಕೊಡಬೇಕಾದ್ದು ರಕ್ತದ ಸಕ್ಕರೆಯ ಪರೀಕ್ಷೆ. ಅವರಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಇರುವುದೇ ಆಗ ಗೊತ್ತಾಗುತ್ತದೆ. ಥೈರಾಯ್ಡ್ ದೋಷವಿದ್ದವರಲ್ಲೂ ಇದರ ಪ್ರಮಾಣ ಹೆಚ್ಚು. ಚಿಕಿತ್ಸೆಯ ವಿಚಾರದಲ್ಲಿ ಬ್ರಿಟನ್ನಿನ 503 ರೋಗಿಗಳ ಮೇಲೆ ನಡೆದು 2020ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಯುಕೆ ಫ್ರಾಸ್ಟ್ ಅಧ್ಯಯನ ಮುಖ್ಯವಾದದ್ದು. ಅರಿವಳಿಕೆ ಕೊಟ್ಟು ಕೈ ತಿರುಗಿಸಿ ಸಡಿಲಿಸುವುದು, ಕೀಲಿನೊಳಗೆ ಸಣ್ಣ ದರ್ಶಕ ತೂರಿಸುವ ಆರ್ತ್ರೋಸ್ಕೋಪಿಯಲ್ಲಿ ಚೀಲ ಕತ್ತರಿಸುವುದು, ಸ್ಟೀರಾಯ್ಡ್ ಚುಚ್ಚುಮದ್ದಿನ ಜೊತೆ ಫಿಸಿಯೋಥೆರಪಿ ಎಂಬ ಮೂರರಲ್ಲಿ ಯಾವುದೂ ಉಳಿದೆರಡನ್ನು ರೋಗಿಗೆ ಅರಿವಾಗುವಷ್ಟು ಮೀರಿಸಲಿಲ್ಲ. ಚುಚ್ಚುಮದ್ದು ಆರಂಭದ ನೋವಿನ ಹಂತದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ; ಮಧುಮೇಹಿಗಳಿಗೆ ಆ ನಂತರ ಕೆಲವು ದಿನ ಸಕ್ಕರೆ ಏರುತ್ತದೆಂದು ಮೊದಲೇ ಹೇಳಿರಬೇಕು. ನೋವಿನ ಹಂತದಲ್ಲೇ ಬಲವಂತವಾಗಿ ಕೈ ಎಳೆದು ವ್ಯಾಯಾಮ ಮಾಡಿಸುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು.

ಚಿತ್ರಕ್ಕೂ ನೋವಿಗೂ ಇರುವ ಅಂತರ ಎದ್ದು ಕಾಣುವುದು ರೊಟೇಟರ್ ಕಫ್‌ನಲ್ಲಿ. ತೋಳನ್ನು ಪಕ್ಕಕ್ಕೆತ್ತುವಾಗ 60ರಿಂದ 120 ಡಿಗ್ರಿಯ ನಡುವೆ ಚುಳುಕ್ಕೆನ್ನುವ, ರಾತ್ರಿ ಹೆಚ್ಚಾಗುವ, ತೋಳಿನ ಹೊರಮೈಗೆ ಇಳಿಯುವ ನೋವು ಇದರ ಲಕ್ಷಣ. ಕಫ್‌ನ ಮೇಲೆ ಸೂರಿನಂತೆ ಬಾಗಿರುವ ಅಕ್ರೋಮಿಯನ್ ಎಂಬ ಮೂಳೆ ರಜ್ಜನ್ನು ಉಜ್ಜಿ ಹರಿಯುತ್ತದೆ ಎಂದು ನ್ಯೂಯಾರ್ಕಿನ ಚಾರ್ಲ್ಸ್ ನೀರ್ 1972ರಲ್ಲಿ ವಾದಿಸಿ, ಆ ಮೂಳೆಯ ಅಡಿಯನ್ನು ಕೆತ್ತುವ ಶಸ್ತ್ರಕ್ರಿಯೆಯನ್ನು ಪ್ರಚಾರಕ್ಕೆ ತಂದ. ಕಫ್ ಹರಿತಗಳಲ್ಲಿ ನೂರಕ್ಕೆ 95 ಹೀಗೇ ಆಗುತ್ತವೆಂಬುದು ಅವನ ಎಣಿಕೆ. ವಿವರಣೆ ಸರಳ, ಚಿತ್ರದಲ್ಲಿ ಮೂಳೆಯ ಕೊಕ್ಕೆ ಕಣ್ಣಿಗೆ ಕಾಣುತ್ತದೆ, ಕೆತ್ತಿದವರಲ್ಲಿ ಬಹುಮಂದಿಗೆ ಗುಣವೂ ಆಯಿತು. ಆರ್ತ್ರೋಸ್ಕೋಪಿ ಬಂದ ಮೇಲೆ ಈ ಶಸ್ತ್ರಕ್ರಿಯೆ ಜಗತ್ತಿನಾದ್ಯಂತ ಹಬ್ಬಿತು. ಈ ನಡುವೆ, 1995ರಲ್ಲಿ, ಭುಜದ ನೋವೇ ಇಲ್ಲದ 96 ಜನರಿಗೆ ಅಮೆರಿಕದಲ್ಲಿ ಎಂಆರ್‌ಐ ಮಾಡಿ ನೋಡಿದಾಗ ಮೂವರಲ್ಲಿ ಒಬ್ಬರಿಗೆ ಕಫ್ ಹರಿದಿತ್ತು. ಅರವತ್ತು ಮೀರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ. ನೋವಿಲ್ಲದ 51 ಗಂಡಸರ ಮೇಲೆ 2011ರಲ್ಲಿ ನಡೆದ ಅಲ್ಟ್ರಾಸೌಂಡ್ ಅಧ್ಯಯನದಲ್ಲಿ ನೂರಕ್ಕೆ 96 ಭುಜಗಳಲ್ಲಿ ಒಂದಲ್ಲ ಒಂದು ದೋಷ ಕಂಡಿತು. ನೆರೆತ ಕೂದಲಿನಷ್ಟೇ ಸಹಜವಾದದ್ದು ವರದಿಯಲ್ಲಿ ಮಾತ್ರ ಕಾಯಿಲೆಯ ಹೆಸರು ಹೊತ್ತು ಬರುತ್ತಿತ್ತು.

ಹಾಗಾದರೆ ಮೂಳೆ ಕೆತ್ತಿಸಿಕೊಂಡವರಿಗೆ ಗುಣವಾದದ್ದು ಹೇಗೆ? ಇದನ್ನು ಪರೀಕ್ಷಿಸಲು ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ 313 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೂಳೆ ಕೆತ್ತಿದರು, ಇನ್ನೊಂದಕ್ಕೆ ಆರ್ತ್ರೋಸ್ಕೋಪ್ ತೂರಿಸಿ ಒಳಗೆ ನೋಡಿ ಏನೂ ಕೆತ್ತದೆ ಮುಗಿಸಿದರು, ಮೂರನೆಯದಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಸಿಸಾ ಎಂದು ಹೆಸರಾದ ಈ ಅಧ್ಯಯನ ಲ್ಯಾನ್ಸೆಟ್‌ನಲ್ಲಿ 2018ರಲ್ಲಿ ಬಂತು. ಕೆತ್ತಿದವರಿಗೂ ಬರೀ ನೋಡಿ ಬಿಟ್ಟವರಿಗೂ ವ್ಯತ್ಯಾಸವೇ ಇರಲಿಲ್ಲ. ಏನೂ ಮಾಡಿಸಿಕೊಳ್ಳದವರಿಗಿಂತ ಈ ಎರಡೂ ಗುಂಪು ತುಸು ಮುಂದಿದ್ದರೂ ಆ ಅಂತರ ರೋಗಿಯ ಬದುಕಿನಲ್ಲಿ ಲೆಕ್ಕಕ್ಕೆ ಬರುವಷ್ಟಿರಲಿಲ್ಲ. ಅದೇ ವರ್ಷ ಫಿನ್ಲೆಂಡಿನ 210 ರೋಗಿಗಳ ಅಧ್ಯಯನವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. 2019ರಲ್ಲಿ ಬಿಎಂಜೆ ಪ್ರಕಟಿಸಿದ ಮಾರ್ಗಸೂಚಿ ಈ ಶಸ್ತ್ರಕ್ರಿಯೆ ಬೇಡವೆಂದು ಖಡಾಖಂಡಿತವಾಗಿ ಹೇಳಿದೆ. ಪ್ರಾಸಂಗಿಕವಾಗಿ ಒಂದು ಮಾತು: ಭುಜದ ಮೇಲೆ ಮೊದಲ ದೊಡ್ಡ ಗ್ರಂಥವನ್ನು 1934ರಲ್ಲಿ ಬರೆದು, ಫ್ರೋಜನ್ ಶೋಲ್ಡರ್ ಎಂಬ ಹೆಸರಿಟ್ಟ ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್, ಪ್ರತಿ ರೋಗಿಯೂ ಕೊನೆಗೆ ಏನಾದನೆಂದು ಆಸ್ಪತ್ರೆಗಳು ಬರೆದಿಡಬೇಕೆಂದು ಪಟ್ಟು ಹಿಡಿದು ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾದವನು. ಅವನ ಮಾತು ಕೇಳಿದ್ದರೆ ನೀರ್‌ನ ವಾದಕ್ಕೆ ಉತ್ತರ ಸಿಗಲು ಸುಮಾರು 45 ವರ್ಷ ಹಿಡಿಯುತ್ತಿರಲಿಲ್ಲ.

ಕ್ರಿಕೆಟ್ ಬಲ್ಲ ಓದುಗರು ಇಲ್ಲಿ ಆಕ್ಷೇಪ ಎತ್ತಬಹುದು. ಕಫ್ ಗಾಯದಿಂದ 1997ರ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡ ಜಾವಗಲ್ ಶ್ರೀನಾಥ್ ಶಸ್ತ್ರಕ್ರಿಯೆಯ ನಂತರ 2003ರ ವಿಶ್ವಕಪ್‌ವರೆಗೆ ವೇಗದ ಬೌಲಿಂಗ್ ಮಾಡಿದರು. ಭುಜದ ಶಸ್ತ್ರಕ್ರಿಯೆಯಿಂದಾಗಿ 2001ರ ಆಸ್ಟ್ರೇಲಿಯಾ ಸರಣಿಯಿಂದ ಹೊರಗುಳಿದ ಅನಿಲ್ ಕುಂಬ್ಳೆ 2008ರವರೆಗೆ ಆಡಿ 619 ಟೆಸ್ಟ್ ವಿಕೆಟ್ ಗಳಿಸಿದರು. ಶಸ್ತ್ರಕ್ರಿಯೆ ನಿಷ್ಫಲವೆಂದರೆ ಇದೇನು? ಉತ್ತರ ಕಷ್ಟದ್ದಲ್ಲ. ಮೂವತ್ತರ ಆಸುಪಾಸಿನಲ್ಲಿ ದಿನಕ್ಕೆ ನೂರಾರು ಬಾರಿ ಪೂರ್ಣ ವೇಗದಲ್ಲಿ ತೋಳು ತಿರುಗಿಸಿದವರ ಗಾಯ ಒಂದು ಬಗೆ; ಅರವತ್ತರ ನಿವೃತ್ತ ಶಿಕ್ಷಕರ ರಜ್ಜು ವಯೋಸಹಜವಾಗಿ ತೆಳುವಾದದ್ದು ಇನ್ನೊಂದು ಬಗೆ. ಎರಡರ ಸ್ಕ್ಯಾನ್ ವರದಿಯಲ್ಲಿ ಒಂದೇ ಪದ ಇರಬಹುದು, ರೋಗ ಒಂದೇ ಅಲ್ಲ. ಇನ್ನು ಬೌಲರುಗಳಲ್ಲೂ ಎಸೆತಗಾರರಲ್ಲೂ ನೋವಿಲ್ಲದ ಕಾಲದಲ್ಲೇ ಲೇಬ್ರಮ್ ಸವೆದಿರುವುದು ಸಾಮಾನ್ಯ. ಬಟ್ಟಲಿನ ಮೇಲಂಚಿನ ಲೇಬ್ರಮ್ ಹರಿತವನ್ನು ಹೊಲಿಯುವುದಕ್ಕೂ ಹೊಲಿದಂತೆ ನಟಿಸುವುದಕ್ಕೂ ಫಲದಲ್ಲಿ ವ್ಯತ್ಯಾಸವಿಲ್ಲವೆಂದು ನಾರ್ವೆಯ 118 ರೋಗಿಗಳ ಅಧ್ಯಯನ 2017ರಲ್ಲಿ ತೋರಿಸಿದೆ.

ಇದಕ್ಕಿಂತ ತೂಕದ ಆಕ್ಷೇಪ ಬೇರೆ ಇದೆ. ಹರಿತ ಇವತ್ತು ನೋಯದಿರಬಹುದು, ಆದರೆ ಅದು ಬೆಳೆಯುತ್ತದೆ. ಬೆಳೆದ ಮೇಲೆ ಸ್ನಾಯು ಸೊರಗಿ ಕೊಬ್ಬಾಗಿ, ಹೊಲಿಯಲೂ ಬಾರದಂತಾಗುತ್ತದೆ ಎಂಬುದು ಶಸ್ತ್ರವೈದ್ಯರ ವಾದ. ಇದರಲ್ಲಿ ಸತ್ಯವಿದೆ. ಸಣ್ಣ ಮತ್ತು ಮಧ್ಯಮ ಗಾತ್ರದ ಪೂರ್ಣ ಹರಿತವಿದ್ದ 103 ಜನರನ್ನು ನಾರ್ವೆಯಲ್ಲಿ ಹತ್ತು ವರ್ಷ ಹಿಂಬಾಲಿಸಿದಾಗ, ಹೊಲಿಸಿಕೊಂಡವರು ವ್ಯಾಯಾಮಕ್ಕೆ ನಿಂತವರಿಗಿಂತ ಮುಂದಿದ್ದರು, ಅಂತರ ವರ್ಷಗಳೊಂದಿಗೆ ಹಿಗ್ಗಿತ್ತು. ಫಿನ್ಲೆಂಡಿನ 180 ಭುಜಗಳ ಅಧ್ಯಯನದಲ್ಲಿ ಒಂದು ವರ್ಷದ ಕೊನೆಗೆ ಅಂಥ ಅಂತರ ಸಿಗಲಿಲ್ಲ. ಅಲ್ಲಿದ್ದವರು ಪೆಟ್ಟಿಲ್ಲದೆ ಹರಿತವಾದ, ವಯಸ್ಸಾದ ರೋಗಿಗಳು. ಎರಡನ್ನೂ ಒಟ್ಟಿಗೆ ಓದಿದರೆ ನಿರ್ಧಾರ ಮತ್ತೆ ವಯಸ್ಸು ಮತ್ತು ಶುರುವಾದ ಬಗೆಗೇ ಬಂದು ನಿಲ್ಲುತ್ತದೆ. ನಲವತ್ತೈದರ ರೈತ ಮರದಿಂದ ಬಿದ್ದ ಮರುದಿನದಿಂದ ಕೈ ಎತ್ತಲಾರದಾದರೆ ತಡಮಾಡದೆ ಸ್ಕ್ಯಾನ್ ಮಾಡಿಸಿ ಹೊಲಿಸುವುದು ಸರಿ. ಎಪ್ಪತ್ತರ ಅಜ್ಜಿಗೆ ತಾನಾಗಿ ಬಂದ ನೋವಿಗೆ ಮೂರು ತಿಂಗಳ ವ್ಯಾಯಾಮ ಮೊದಲು. ಹಳೆಯ ದೊಡ್ಡ ಹರಿತದಿಂದ ಕೀಲೇ ಸವೆದವರಿಗೆ ಗುಂಡು ಮತ್ತು ಬಟ್ಟಲನ್ನು ಅದಲುಬದಲು ಮಾಡಿ ಕೂರಿಸುವ ಕೃತಕ ಕೀಲು ಇದೆ. ಫ್ರಾನ್ಸಿನ ಪಾಲ್ ಗ್ರಾಮೋಂ 1985ರ ಸುಮಾರಿಗೆ ರೂಪಿಸಿದ ಇದು ಕಫ್ ಇಲ್ಲದೆಯೂ ತೋಳೆತ್ತಲು ಬಿಡುತ್ತದೆ.

ಸ್ಕ್ಯಾನ್ ಬಿಟ್ಟರೆ ಅಪಾಯಕಾರಿ ರೋಗ ತಪ್ಪಿಹೋಗದೇ ಎಂಬುದು ಇನ್ನೊಂದು ಅಂಜಿಕೆ. ಅಪಾಯದ ಗುರುತುಗಳು ಹೆಚ್ಚಾಗಿ ಭುಜದ ಸ್ಕ್ಯಾನಿನಲ್ಲಿ ಇರುವುದೇ ಇಲ್ಲ. ನಡೆದಾಗ ಬಂದು ನಿಂತರೆ ಇಳಿಯುವ, ಬೆವರಿನೊಂದಿಗೆ ಬರುವ ಎಡಭುಜದ ನೋವು ಹೃದಯದ್ದು, ಅದಕ್ಕೆ ಇಸಿಜಿ ಬೇಕು. ಪಿತ್ತಕೋಶದ ಉರಿಯೂತ ಬಲ ಹೆಗಲಿನ ತುದಿಯಲ್ಲಿ ನೋಯುತ್ತದೆ. ಶ್ವಾಸಕೋಶದ ತುದಿಯ ಗಡ್ಡೆ ಭುಜದಿಂದ ಕೈಗಿಳಿಯುವ ನೋವಾಗಿ ತೋರಿ, ಎದೆಯ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತದೆ. ಮೊಣಕೈ ದಾಟಿ ಬೆರಳಿನವರೆಗೆ ಜುಮ್ಮೆನ್ನುವುದು ಕುತ್ತಿಗೆಯ ನರದ ಸೂಚನೆ. ಭುಜವನ್ನು ಎಷ್ಟು ತಿರುಗಿಸಿದರೂ ನೋವು ಹೆಚ್ಚೂ ಆಗದೆ ಕಡಿಮೆಯೂ ಆಗದೆ ಇದ್ದರೆ ಕಾರಣ ಬೇರೆಡೆ ಹುಡುಕಬೇಕೆಂಬ ಹಳೆಯ ನಿಯಮ ಇವೆಲ್ಲವನ್ನೂ ಬಹುಮಟ್ಟಿಗೆ ಹಿಡಿದುಕೊಡುತ್ತದೆ. ಜ್ವರ, ತೂಕ ಇಳಿಕೆ, ಸ್ನಾಯು ವೇಗವಾಗಿ ಸೊರಗುವುದು ಜೊತೆಗಿದ್ದರೆ ಕೀವು ಅಥವಾ ಕ್ಷಯದ ಶಂಕೆ ಇರಬೇಕು. ಭುಜದ ಕ್ಷಯ ನಮ್ಮ ದೇಶದಲ್ಲಿ ಇನ್ನೂ ಕಾಣಸಿಗುತ್ತದೆ, ಆರಂಭದಲ್ಲಿ ಫ್ರೋಜನ್ ಶೋಲ್ಡರ್‌ನಂತೆಯೇ ವರ್ತಿಸಿ ಮೋಸ ಮಾಡುತ್ತದೆ. ಅಲ್ಲಿ ಎಕ್ಸ್‌ರೇ, ರಕ್ತಪರೀಕ್ಷೆ, ಎಂಆರ್‌ಐ ಎಲ್ಲವೂ ಬೇಕು.

ಕೊನೆಯ ಆಕ್ಷೇಪ ಹೊಟ್ಟೆಪಾಡಿನದು. ವ್ಯಾಯಾಮ ನಿಧಾನ, ಫಿಸಿಯೋಥೆರಪಿಗೆ ವಾರಕ್ಕೆರಡು ಸಲ ತಾಲೂಕು ಕೇಂದ್ರಕ್ಕೆ ಬಸ್ಸು ಹಿಡಿಯುವುದು ಕೂಲಿಯವರಿಗೆ ಆಗದ ಮಾತು, ಒಂದೇ ಸಲಕ್ಕೆ ಮುಗಿಯುವ ಶಸ್ತ್ರಕ್ರಿಯೆಯೇ ವಾಸಿ ಎನ್ನುವವರಿದ್ದಾರೆ. ಶಸ್ತ್ರಕ್ರಿಯೆಯ ನಂತರವೂ ತಿಂಗಳುಗಟ್ಟಲೆ ವ್ಯಾಯಾಮ ತಪ್ಪುವುದಿಲ್ಲ ಎಂಬುದನ್ನು ಈ ಮಾತು ಮರೆಯುತ್ತದೆ. ಕಫ್ ನೋವಿನ 708 ರೋಗಿಗಳನ್ನು ಒಳಗೊಂಡು 2021ರಲ್ಲಿ ಪ್ರಕಟವಾದ ಗ್ರಾಸ್ಪ್ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಆರು ಭೇಟಿಗಳವರೆಗೆ ಫಿಸಿಯೋಥೆರಪಿಸ್ಟ್ ಮುಂದೆ ನಿಂತು ವ್ಯಾಯಾಮ ಮಾಡಿದವರಿಗೂ, ಒಂದೇ ಭೇಟಿಯಲ್ಲಿ ಚೆನ್ನಾಗಿ ಕಲಿತು ಮನೆಯಲ್ಲಿ ಮಾಡಿಕೊಂಡವರಿಗೂ ವರ್ಷದ ಕೊನೆಗೆ ಫಲ ಒಂದೇ ಆಗಿತ್ತು. ಹಾಗಾಗಿ ಬಸ್ಸಿನ ಖರ್ಚು ದೊಡ್ಡ ಅಡ್ಡಿಯಾಗಬೇಕಿಲ್ಲ. ಆ ಒಂದು ಭೇಟಿಯಲ್ಲಿ ಹೇಳಿಕೊಡುವವರಿಗೆ ಸಾಕಷ್ಟು ಬಿಡುವಿರಬೇಕು, ಅಷ್ಟೆ. ನಿಜವಾದ ಅಡ್ಡಿ ಕೆಲಸದ್ದು. ಗೋಡೆಗೆ ಬಣ್ಣ ಬಳಿಯುವವರು, ಮೂಟೆ ಹೊರುವ ಹಮಾಲರು, ತೆಂಗಿನ ಮರ ಹತ್ತುವವರು ತಲೆಯಿಂದ ಮೇಲಿನ ಕೆಲಸವನ್ನು ಆರೆಂಟು ವಾರ ಬಿಟ್ಟರೆ ವ್ಯಾಯಾಮಕ್ಕೆ ರಜ್ಜು ಒಗ್ಗಿಕೊಳ್ಳುತ್ತದೆ. ಆ ವಾರಗಳ ಕೂಲಿಗೆ ದಾರಿ ಯಾವ ಔಷಧಿ ಚೀಟಿಯಲ್ಲೂ ಇಲ್ಲ. ಅದೇ ಮೇಸ್ತ್ರಿಯ ಕೈಕೆಳಗೆ ಅಷ್ಟು ದಿನ ಸೊಂಟದ ಮಟ್ಟದ ಕೆಲಸ ಕೇಳಿ ಪಡೆಯುವುದು ಹಲವರಿಗೆ ಸಾಧ್ಯವಿದೆ, ವೈದ್ಯರು ಅದನ್ನು ಬಾಯಿಬಿಟ್ಟು ಹೇಳಬೇಕು.